ಲೆಕ್ಕಕ್ಕೆ ಬಾರದ ಲೆಕ್ಕ

ಅದು ಎರಡು ದಿನದ ತರಬೇತಿ. ಕೂತವರೆಲ್ಲ ಬುಡಕಟ್ಟು ಸಮುದಾಯಗಳ ಮಕ್ಕಳಿಗೆ ಗಣಿತ ಕಲಿಸುವ ಮೇಷ್ಟ್ರು, ಟೀಚರುಗಳು. ಮುಂದೆ ನಿಂತವನು ನಾನು, 'ಸಂಪನ್ಮೂಲ ವ್ಯಕ್ತಿ'. ಈ ಪದ ಕೇಳಿದಾಗಲೆಲ್ಲ ನನ್ನನ್ನು ಯಾರೋ ಗಣಿ ಅಂತ ಕರೆದ ಹಾಗೆ ಅನ್ನಿಸುತ್ತದೆ. ಎರಡನೇ ದಿನ ಮಧ್ಯಾಹ್ನ ಪರದೆಯ ಮೇಲೆ ಒಂದು ಬುಟ್ಟಿಯ ಫೋಟೋ ಹಾಕಿ, "ನೋಡಿ, ನಿಮ್ಮ ಮಕ್ಕಳ ಮನೆಯಲ್ಲೇ ಗಣಿತ ಇದೆ" ಅಂದೆ. ಸಮ್ಮಿತಿ, ವೃತ್ತ, ವಿನ್ಯಾಸ ಅಂತ ಮೂರು ಬಾಣ ತೋರಿಸಿ ಮುಂದಿನ ಸ್ಲೈಡಿಗೆ ಹೋಗುವುದರಲ್ಲಿದ್ದೆ.

ಹಿಂದಿನ ಸಾಲಿನಿಂದ ಒಬ್ಬ ಟೀಚರ್ ಕೇಳಿದರು. "ಸರ್, ಇದು ಬುಟ್ಟಿ ಫೋಟೋ. ಇದರಲ್ಲಿ ಲೆಕ್ಕ ಎಲ್ಲಿದೆ?"

ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳಿದ್ದರು. ನಾನು ಮತ್ತೆ ಸಮ್ಮಿತಿ ಅಂದೆ. ಅವರು ತಲೆ ಆಡಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಡಕ್ಕೆ ಎಷ್ಟು ಕಡ್ಡಿ ಇಡಬೇಕು ಗೊತ್ತಾ ಸರ್?" ಅಂದರು.

"ಎಷ್ಟು ಬೇಕಾದರೂ ಇಡಬಹುದಲ್ವಾ?"

"ಇಲ್ಲ. ಬೆಸ ಇರಬೇಕು. ಸಮ ಇಟ್ಟರೆ ನೇಯ್ಗೆ ಕೂರಲ್ಲ."

ಅವರ ಅಮ್ಮ ಬುಟ್ಟಿ ಹೆಣೆಯುತ್ತಿದ್ದರಂತೆ. ಯಾಕೆ ಬೆಸ ಅಂತ ಕೇಳಿದೆ. "ಅಮ್ಮ ಹಾಗೆ ಹೇಳಿಕೊಟ್ಟಿದ್ದು" ಅಂದರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ, ಗಣಿತದಲ್ಲಿ ಸ್ನಾತಕೋತ್ತರ ಪದವಿ ಇಟ್ಟುಕೊಂಡಿದ್ದ ನನಗೂ ಗೊತ್ತಿರಲಿಲ್ಲ. ಉಳಿದ ಸ್ಲೈಡುಗಳನ್ನು ಬಿಟ್ಟೆವು. ಚಾರ್ಟ್ ಪೇಪರ್ ಕತ್ತರಿಸಿ ಪಟ್ಟಿ ಮಾಡಿಕೊಂಡು ಎಲ್ಲರೂ ನೆಲದ ಮೇಲೆ ಕೂತೆವು.

ಒಂದೇ ಎಳೆ ಸುತ್ತುತ್ತಾ ಹೋಗುವ ನೇಯ್ಗೆ ಅದು. ಎಳೆ ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ. ಎಂಟು ಕಡ್ಡಿ ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ 1, 3, 5, 7ನೇ ಕಡ್ಡಿಗಳ ಮೇಲೆ ಎಳೆ ಹೋಯಿತು. ಎರಡನೇ ಸುತ್ತು ಶುರುವಾಗುವುದು ಒಂಬತ್ತನೇ ಹೆಜ್ಜೆಗೆ. ಅದು ಬೆಸ, ಹಾಗಾಗಿ ಒಂದನೇ ಕಡ್ಡಿಯ ಮೇಲೆ ಮತ್ತೆ ಎಳೆ ಮೇಲೆಯೇ. ಎಷ್ಟು ಸುತ್ತು ಹಾಕಿದರೂ ಅದೇ ಕಡ್ಡಿಯ ಮೇಲೆ, ಅದೇ ಕಡ್ಡಿಯ ಕೆಳಗೆ. ಹಿಡಿತವೇ ಇಲ್ಲ, ಕಡ್ಡಿ ಜಾರಿ ಹೋಗುತ್ತದೆ. ಒಂಬತ್ತು ಕಡ್ಡಿ ಇದ್ದರೆ ಎರಡನೇ ಸುತ್ತು ಹತ್ತನೇ ಹೆಜ್ಜೆಗೆ ಶುರು. ಹತ್ತು ಸಮ. ಹೋದ ಸಲ ಮೇಲಿದ್ದ ಎಳೆ ಈ ಸಲ ಕೆಳಗೆ. ನೇಯ್ಗೆ ಬಿಗಿಯಾಗಿ ಕೂರುತ್ತದೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ಟೀಚರ್, "ಎರಡರ ಮೇಲೆ, ಒಂದರ ಕೆಳಗೆ ಅಂತ ಇನ್ನೊಂದು ಹೆಣಿಗೆ ಇದೆ, ಅದರಲ್ಲಿ ಓರೆ ಗೆರೆ ಬರುತ್ತೆ" ಅಂದರು. ಅದನ್ನೂ ಮಾಡಿ ನೋಡಿದೆವು. ಒಂಬತ್ತು ಕಡ್ಡಿಗೆ ಕೆಟ್ಟಿತು. ಎಳೆ ಯಾವಾಗಲೂ 3, 6, 9ರ ಕೆಳಗೇ ಹೋಗುತ್ತಿತ್ತು. ಹತ್ತು ಕಡ್ಡಿಗೆ ಬಂತು: ಮೊದಲ ಸುತ್ತಿನಲ್ಲಿ ಮೂರನೇ ಕಡ್ಡಿಯ ಕೆಳಗೆ ಹೋದ ಎಳೆ ಎರಡನೇ ಸುತ್ತಿನಲ್ಲಿ ಎರಡನೆಯದರ ಕೆಳಗೆ, ಮೂರನೇ ಸುತ್ತಿನಲ್ಲಿ ಒಂದನೆಯದರ ಕೆಳಗೆ. ಗೆರೆ ಹಿಂದಕ್ಕೆ ವಾಲಿತು. ಹನ್ನೊಂದು ಕಡ್ಡಿ ಇಟ್ಟಾಗ ಮೂರನೆಯದರಿಂದ ನಾಲ್ಕನೆಯದಕ್ಕೆ ಹೋಗಿ ಗೆರೆ ಮುಂದಕ್ಕೆ ವಾಲಿತು. ಮೂರರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದರೆ ನೇಯ್ಗೆ ಇಲ್ಲ. ಒಂದು ಬಂದರೆ ಒಂದು ಕಡೆ ಓರೆ, ಎರಡು ಬಂದರೆ ಇನ್ನೊಂದು ಕಡೆ.

ಇದನ್ನೇ ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಅಂಕ ತಗೊಂಡು ಮರೆತಿದ್ದೆ. ಶೇಷದ ಗಣಿತ ಕೈಗೆ ಸಿಗುವ ವಸ್ತು ಅಂತ ಯಾವತ್ತೂ ಹೊಳೆದಿರಲಿಲ್ಲ.

ಆ ಸಂಜೆಯಿಂದ ನನ್ನನ್ನು ಕಾಡಿದ್ದು ಬೇರೆಯದೇ ವಿಷಯ. ಆ ಟೀಚರ್ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದರು. ವರ್ಷಕ್ಕೆ ಒಂದೆರಡು ತರಬೇತಿ ಅಂದರೂ ಇಪ್ಪತ್ತಾದರೂ ಆಗಿರಬೇಕು. ಪ್ರತಿಯೊಂದರಲ್ಲೂ ಹಾಜರಿ ಹಾಕಿ, ಮಾಡ್ಯೂಲ್ ತಗೊಂಡು, ಕೊನೆಯಲ್ಲಿ ಹಿಮ್ಮಾಹಿತಿ ಫಾರಂ ತುಂಬಿ ಹೋಗಿದ್ದಾರೆ. ಬೆಸ ಕಡ್ಡಿಯ ವಿಷಯ ಒಂದು ಸಲವೂ ಬಾಯಿಗೆ ಬಂದಿರಲಿಲ್ಲ. "ಅದು ಲೆಕ್ಕ ಅಂತ ನನಗೇ ಗೊತ್ತಿರಲಿಲ್ಲವಲ್ಲ ಸರ್" ಅಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: "ಸ್ಟಾಫ್ ರೂಮಿನಲ್ಲಿ ಅಮ್ಮ ಬುಟ್ಟಿ ಹೆಣೀತಾರೆ ಅಂತ ಹೇಳೋದೂ ಕಷ್ಟ."

ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ, ಲೆಕ್ಕಕ್ಕಿಲ್ಲ. ಮನುಷ್ಯರಿಗೂ ಹೇಳುತ್ತೇವೆ, ಅವರಿಗೆ ಗೊತ್ತಿರುವುದಕ್ಕೂ ಹೇಳುತ್ತೇವೆ.

ಆಮೇಲೆ ನಾನು ಓದತೊಡಗಿದೆ. ಪ್ರಪಂಚದಲ್ಲಿ ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ಅಂತ. 'ಎತ್ನೋಮ್ಯಾಥಮ್ಯಾಟಿಕ್ಸ್' ಎಂಬ ಪದವನ್ನು ಹಲವರು ಕೇಳಿರಬಹುದು. ಬ್ರೆಜಿಲಿನ ಗಣಿತಜ್ಞ ಉಬಿರಾತಾನ್ ಡಿ'ಅಂಬ್ರೋಸಿಯೋ 1984ರಲ್ಲಿ ಅಡಿಲೇಡ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಶಿಕ್ಷಣ ಸಮ್ಮೇಳನದಲ್ಲಿ ಇದರ ಬಗ್ಗೆ ಮಾತಾಡಿದ ಮೇಲೆ ಅದು ಎಲ್ಲ ಕಡೆ ಹರಡಿತು. ಪ್ರತಿ ಜನಸಮುದಾಯವೂ ಎಣಿಸುತ್ತದೆ, ಅಳೆಯುತ್ತದೆ, ವಿಂಗಡಿಸುತ್ತದೆ, ತನ್ನದೇ ರೀತಿಯಲ್ಲಿ ಕಾರಣ ಕೊಡುತ್ತದೆ ಎಂಬುದು ಅದರ ಹೂರಣ. ಪದ ಹರಡಿತು ಸರಿ. ತರಬೇತಿಯ ಕೋಣೆ ತಲುಪುವ ಹೊತ್ತಿಗೆ ಅದು ನನ್ನ ಬುಟ್ಟಿಯ ಸ್ಲೈಡ್ ಆಗಿತ್ತು.

ನನಗೆ ಹೆಚ್ಚು ಹಿಡಿಸಿದವರು ಮೊಜಾಂಬಿಕ್‌ನ ಪೌಲುಸ್ ಗೆರ್ಡೆಸ್. 1975ರಲ್ಲಿ ಆ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಓದುಬರಹ ಬಲ್ಲವರೇ ತೀರಾ ಕಡಿಮೆ, ಗಣಿತ ಕಲಿಸುವವರು ಇನ್ನೂ ಕಡಿಮೆ. ಅಲ್ಲಿ ಶಿಕ್ಷಕರನ್ನು ತಯಾರು ಮಾಡುವ ಕೆಲಸದಲ್ಲಿ ಗೆರ್ಡೆಸ್ ರೈತರು ಮನೆಗೆ ಪಾಯ ಗುರುತು ಹಾಕುವುದನ್ನು ಗಮನಿಸಿದರು. ಒಂದೇ ಉದ್ದದ ಎರಡು ಹಗ್ಗ. ಎರಡನ್ನೂ ನಡುಮಧ್ಯದಲ್ಲಿ ಒಂದಕ್ಕೊಂದು ಕಟ್ಟುತ್ತಾರೆ. ನಾಲ್ಕು ತುದಿಗಳನ್ನು ಬಿಗಿಯಾಗಿ ಎಳೆದು ಗೂಟ ಹೊಡೆಯುತ್ತಾರೆ. ಅಷ್ಟೇ, ಆಯತ ಸಿದ್ಧ. ನಾವು ಹೇಳುವ ಕರ್ಣಗಳು ಸಮ, ಅವು ಒಂದನ್ನೊಂದು ಅರ್ಧಿಸುತ್ತವೆ ಅನ್ನುವ ಪ್ರಮೇಯ ಅಲ್ಲಿ ಹಗ್ಗದ ರೂಪದಲ್ಲಿದೆ. ಗೆರ್ಡೆಸ್ ಅದನ್ನು 'ಪ್ರಮೇಯಕ್ಕೆ ಉದಾಹರಣೆ' ಅಂತ ಮಾಡಲಿಲ್ಲ. ಇದರಿಂದಲೇ ಜ್ಯಾಮಿತಿಯನ್ನು ಶುರು ಮಾಡಿದರೆ ಎಲ್ಲಿಗೆ ಹೋಗಬಹುದು ಅಂತ ಭಾವೀ ಶಿಕ್ಷಕರ ಜೊತೆ ಕೂತು ನೋಡಿದರು. ಈ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ಸಣ್ಣದಲ್ಲ.

ಅವರು ಅಂಗೋಲಾದ ಚೋಕ್ವೆ ಜನರ ಸೋನಾ ಚಿತ್ರಗಳ ಬಗ್ಗೆಯೂ ತುಂಬಾ ಬರೆದಿದ್ದಾರೆ. ಮರಳಿನ ಮೇಲೆ ಬೆರಳತುದಿಯಿಂದ ಚುಕ್ಕಿ ಇಟ್ಟು, ಕೈ ಎತ್ತದೆ ಚುಕ್ಕಿಗಳ ಸುತ್ತ ಗೆರೆ ಎಳೆಯುತ್ತಾ ಕಥೆ ಹೇಳುವ ಕಲೆ ಅದು. ಚಾಪೆಯ ಹೆಣಿಗೆಯಂತಿರುವ ಒಂದು ಬಗೆಯ ಚಿತ್ರದಲ್ಲಿ ಐದು ಸಾಲು, ಆರು ಕಂಬಸಾಲು ಚುಕ್ಕಿ ಇದ್ದರೆ ಒಂದೇ ಗೆರೆಯಲ್ಲಿ ಮುಗಿಯುತ್ತದೆ. ನಾಲ್ಕು ಮತ್ತು ಆರು ಇದ್ದರೆ ಎರಡು ಗೆರೆ ಬೇಕು. ಎಷ್ಟು ಗೆರೆ ಬೇಕೆಂಬುದು ಆ ಎರಡು ಸಂಖ್ಯೆಗಳ ಮಸಾಅ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಮಸಾಅ ಕಂಡುಹಿಡಿಯಲು ನಾನು ಮಕ್ಕಳ ಹತ್ತಿರ ನೂರಾರು ಸಲ ಭಾಗಾಕಾರ ಮಾಡಿಸಿದ್ದೇನೆ. ಅದು ಏನು ಅಂತ ಒಂದು ಸಲವೂ ಕಣ್ಣಿಗೆ ತೋರಿಸಿಲ್ಲ.

ಹಗ್ಗದ ಕರ್ಣಗಳು ಭೂಮಿಯ ಇನ್ನೊಂದು ಮೂಲೆಯಲ್ಲೂ ಸಿಕ್ಕವು. ಅಲಾಸ್ಕಾದ ಯೂಪಿಕ್ ಜನ ಮೀನು ಒಣಗಿಸಲು ಮರದ ಚಪ್ಪರ ಕಟ್ಟುತ್ತಾರೆ. ಅದರ ಬುಡ ಆಯತ ಆಗಿರಬೇಕು. ಆಗಿದೆಯಾ ಅಂತ ಹಿರಿಯರು ಹಗ್ಗ ಹಿಡಿದು ಕರ್ಣ ಅಳೆದು ನೋಡುತ್ತಾರೆ. ಜೆರ್ರಿ ಲಿಪ್ಕಾ ಎಂಬ ಪ್ರಾಧ್ಯಾಪಕರು 1980ರ ದಶಕದಿಂದ ಯೂಪಿಕ್ ಶಿಕ್ಷಕರು ಮತ್ತು ಹಿರಿಯರ ಜೊತೆ ಮಾಡಿದ ಕೆಲಸದಲ್ಲಿ ಈ ಚಪ್ಪರ ಒಂದು ಇಡೀ ಪಾಠಮಾಲೆ ಆಯಿತು. ಪರಿಧಿ, ವಿಸ್ತೀರ್ಣ, ಕೊನೆಗೆ ಪ್ರಮೇಯದ ಸಾಧನೆ. ಆ ಪಾಠ ಕಲಿತ ತರಗತಿಗಳನ್ನು ಮಾಮೂಲಿ ಪಠ್ಯ ಕಲಿತ ತರಗತಿಗಳ ಜೊತೆ ಹೋಲಿಸಿ ನೋಡಿದರು. ಚಪ್ಪರದ ಮಕ್ಕಳು ಮುಂದಿದ್ದರು.

ಆದರೆ ನಾನು ಪದೇ ಪದೇ ಓದಿದ್ದು ಫಲಿತಾಂಶವನ್ನಲ್ಲ, ಅವರು ಕೂತ ರೀತಿಯನ್ನು. ಹಿರಿಯರು ಮಾಡಿ ತೋರಿಸುವರು. ಅದೇ ಸಮುದಾಯದ ಶಿಕ್ಷಕರು ಅದನ್ನು ವಿವರಿಸುವರು, ಅನುವಾದಿಸುವರು, ಜಗಳವಾಡುವರು. ಗಣಿತದವರು ಅದರೊಳಗಿನ ಗಣಿತ ಏನು ಅಂತ ಹುಡುಕುವರು. ಹೀಗೆ ವರ್ಷಗಟ್ಟಲೆ. ಎರಡು ದಿನ ಅಲ್ಲ. ಶಿಕ್ಷಕರ ಆ ಗುಂಪಿಗೆ 'ಮುಂದಾಳುಗಳು' ಎಂಬ ಅರ್ಥದ ಯೂಪಿಕ್ ಹೆಸರಿತ್ತು. ತರಬೇತಿ ಪಡೆಯುವವರು ತಮ್ಮನ್ನು ಮುಂದಾಳು ಅಂತ ಕರೆದುಕೊಳ್ಳುವ ಕೋಣೆಯಲ್ಲಿ ನಾನಂತೂ ಯಾವತ್ತೂ ನಿಂತಿಲ್ಲ.

ಇನ್ನೊಂದು ವಿಷಯ. ಅಲ್ಲಿನ ಅನುಭವಿ ಶಿಕ್ಷಕರು ಪಾಠ ಮಾಡುವುದೇ ಬೇರೆ ಥರ. ಮೊದಲು ತಾವೇ ಕೆಲಸಕ್ಕೆ ಕೂರುತ್ತಾರೆ. ಮಾತು ಕಮ್ಮಿ. ಮಕ್ಕಳು ಸುತ್ತ ನಿಂತು ನೋಡುತ್ತಾರೆ, ಆಮೇಲೆ ಕೈ ಹಾಕುತ್ತಾರೆ, ಒಬ್ಬರನ್ನೊಬ್ಬರು ನೋಡಿ ತಿದ್ದಿಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ಮುಖಕ್ಕೆ ಬಿಸಿ ತಾಗಿದಂತಾಯಿತು. ತರಗತಿ ವೀಕ್ಷಣೆಗೆ ಹೋಗುವಾಗ ನನ್ನ ಕೈಯಲ್ಲೊಂದು ಫಾರಂ ಇರುತ್ತಿತ್ತು. 'ಶಿಕ್ಷಕರು ಪ್ರಶ್ನೆ ಕೇಳಿ ಮಕ್ಕಳನ್ನು ತೊಡಗಿಸಿದರೇ?' ಅದರಲ್ಲಿ 'ಇಲ್ಲ' ಅಂತ ನಾನು ಗುರುತು ಹಾಕಿದ ಎಷ್ಟು ತರಗತಿಗಳಲ್ಲಿ ಮಕ್ಕಳು ಸುಮ್ನೆ ನೋಡುತ್ತಾ ಕಲಿಯುತ್ತಿದ್ದರೋ!

ಕೆನಡಾದ ನೋವಾ ಸ್ಕೋಷಿಯಾದ ಮಿಗ್‌ಮಾ ಸಮುದಾಯದ ಒಂದು ಪ್ರಸಂಗವನ್ನು ಈಗ ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಅಲ್ಲೊಬ್ಬ ಹಿರಿಯೆ ಮುಳ್ಳುಹಂದಿಯ ಮುಳ್ಳಿನಿಂದ ಅಲಂಕರಿಸಿದ ದುಂಡು ಪೆಟ್ಟಿಗೆ ಮಾಡುತ್ತಿದ್ದರು. ಮುಚ್ಚಳದ ಸುತ್ತ ಬಳೆಗೆ ಎಷ್ಟು ಉದ್ದ ಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂದರೆ, "ಅಡ್ಡಡ್ಡ ಮೂರು ಸಲ, ಮೇಲೊಂದು ಹೆಬ್ಬೆರಳು" ಅಂತ ಹೇಳಿದರಂತೆ. ವ್ಯಾಸದ ಮೂರರಷ್ಟು, ಜೊತೆಗೆ ಹೆಬ್ಬೆರಳಿನ ಅಗಲ. ಆ ಮಾತಿನ ಎಳೆ ಹಿಡಿದು 2007ರಲ್ಲಿ ಒಂದು ಕಾರ್ಯಕ್ರಮವೇ ಶುರುವಾಯಿತು. ಮಕ್ಕಳು ತಮ್ಮ ಊರಿನವರ ಹತ್ತಿರ ಹೋಗಿ, ಅವರು ಬಳಸುವ ಗಣಿತವನ್ನು ಕಂಡು, ಎಲ್ಲರಿಗೂ ತೋರಿಸುವುದು.

ಇದನ್ನು ಕೇಳಿ "ಆಹಾ, ಪೈ!" ಅಂತ ಚಪ್ಪಾಳೆ ತಟ್ಟಿ ಮುಂದಕ್ಕೆ ಹೋದರೆ ಅದೂ ನನ್ನ ಬುಟ್ಟಿ ಸ್ಲೈಡೇ. ಕೆಲಸ ಶುರುವಾಗುವುದು ಮುಂದಿನ ಪ್ರಶ್ನೆಯಿಂದ. ಹೆಬ್ಬೆರಳು ಸುಮಾರು ಎರಡು ಸೆಂಟಿಮೀಟರ್ ಅಗಲ. ಪೈ ಮೂರಕ್ಕಿಂತ ಜಾಸ್ತಿ ಇರುವುದು ಸುಮಾರು 0.14. ಹಾಗಾದರೆ ಯಾವ ಅಳತೆಯ ಪೆಟ್ಟಿಗೆಗೆ ಈ ಸೂತ್ರ ಸರಿಯಾಗಿ ಕೂರುತ್ತದೆ? ಹದಿನಾಲ್ಕು ಸೆಂಟಿಮೀಟರ್ ಆಸುಪಾಸು. ಐವತ್ತು ಸೆಂಟಿಮೀಟರ್ ಪೆಟ್ಟಿಗೆಗೆ ಒಂದು ಹೆಬ್ಬೆರಳು ಸಾಲದು, ಏಳು ಸೆಂಟಿಮೀಟರ್ ಬೇಕು. ಅಂದರೆ ಆ ಸೂತ್ರದಲ್ಲಿ ಪೆಟ್ಟಿಗೆಯ ಗಾತ್ರವೂ ಅಡಗಿದೆ, ಮಾಡಿದವರ ಕೈಯೂ ಅಡಗಿದೆ. ಶಿಕ್ಷಕರ ಜೊತೆ ಇಷ್ಟು ದೂರ ಬಂದರೆ ಅವರೇ ಮುಂದೆ ಎಳೆದುಕೊಂಡು ಹೋಗುತ್ತಾರೆ. ಬೆರಳು ಬದಲು ಏನಿಟ್ಟರೆ ಎಲ್ಲ ಪೆಟ್ಟಿಗೆಗೂ ಸರಿಹೋಗುತ್ತದೆ ಅಂತ ಒಬ್ಬ ಮೇಷ್ಟ್ರು ಕೇಳಿದರು. ಅನುಪಾತ ಅಂದರೇನು ಅಂತ ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಅನುವಾದ ಮಾಡಿಬಿಟ್ಟರೆ ಮುಗಿಯಿತು ಅಂತ ನಾವು ಅಂದುಕೊಂಡಿರುತ್ತೇವೆ. ಮಿಗ್‌ಮಾ ಭಾಷೆಯಲ್ಲಿ ಕ್ರಿಯಾಪದಗಳದ್ದೇ ರಾಜ್ಯ. ಅಲ್ಲಿನ ಶಾಲೆಯಲ್ಲಿ ಹತ್ತು ವರ್ಷ ಪಾಠ ಮಾಡಿದ ಲೀಸಾ ಲನ್ನಿ ಬೋರ್ಡನ್ ಬರೆಯುತ್ತಾರೆ: 'ಚಪ್ಪಟೆ' ಅನ್ನುವ ಪದ ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ. ಬುಟ್ಟಿಯ ತಳದ ಬಗ್ಗೆ ಕೇಳಿದರೆ 'ಅದು ಅಲ್ಲಾಡದೆ ಕೂರುತ್ತದೆ' ಅನ್ನುತ್ತಾರೆ. ಹೀಗಿರುವಾಗ "ಇದರ ಮುಖ ಯಾವ ಆಕಾರ?" ಅಂತ ಕೇಳುವುದಕ್ಕಿಂತ "ಇದು ಏನು ಮಾಡುತ್ತದೆ?" ಅಂತ ಕೇಳಿದರೆ ಮಕ್ಕಳು ಮಾತಾಡುತ್ತಾರೆ. ನ್ಯೂಜಿಲೆಂಡಿನ ಮಾವೊರಿ ಭಾಷೆಯಲ್ಲೂ ಹಿಂದೆ ಸಂಖ್ಯೆಗಳು ಕ್ರಿಯಾಪದದ ಹಾಗೆ ನಡೆಯುತ್ತಿದ್ದವು ಅಂತ ಗಣಿತ ಶಿಕ್ಷಣದ ಬಿಲ್ ಬಾರ್ಟನ್ ತೋರಿಸಿದ್ದಾರೆ. 'ನಾಲ್ಕು ಬೆಟ್ಟ' ಅಲ್ಲ, 'ಬೆಟ್ಟಗಳು ನಾಲ್ಕಾಗಿವೆ' ಅನ್ನೋ ಥರ. ಶಾಲೆಗೆ ಬೇಕಾದ ಗಣಿತ ಪದಗಳನ್ನು ಮಾವೊರಿಯಲ್ಲಿ ಕಟ್ಟುವಾಗ ಈ ಗುಣ ಕೈಜಾರಿತು. ಪದಗಳು ಮಾವೊರಿ, ವ್ಯಾಕರಣದ ಬೆನ್ನೆಲುಬು ಇಂಗ್ಲಿಷಿನದು.

ಅಲ್ಲಿನ ಶಿಕ್ಷಕರ ಕಷ್ಟವನ್ನೂ ನೋಡಿ. ಎಷ್ಟೋ ಜನಕ್ಕೆ ಮಾವೊರಿಯೇ ಕಲಿತ ಎರಡನೇ ಭಾಷೆ. ಹೊಸ ಪದಗಳು ಅವರಿಗೂ ಹೊಸದು, ಮಕ್ಕಳ ಅಪ್ಪ ಅಮ್ಮನಿಗೂ ಹೊಸದು. 2002ರಲ್ಲಿ ಮಾವೊರಿ ಮಾಧ್ಯಮದ ಶಾಲೆಗಳಿಗಾಗಿ 'ತೆ ಪೊಉತಾಮ ತಾಉ' ಎಂಬ ಸಂಖ್ಯಾ ಕಲಿಕೆಯ ಯೋಜನೆ ಶುರುವಾದಾಗ, ಮಾರ್ಗದರ್ಶಕರು ಶಾಲೆಗೇ ಹೋಗಿ ಶಿಕ್ಷಕರ ಜೊತೆ ಕೆಲಸ ಮಾಡಿದ್ದು ಅದಕ್ಕೇ. ಪದ ಗಟ್ಟಿ ಮಾಡಿಸಿ ಕಳಿಸಿದರೆ ಆಗುವುದಿಲ್ಲ. ಆ ಪದ ತರಗತಿಯಲ್ಲಿ ಬಾಯಿಂದ ಬರುವಾಗ ಪಕ್ಕದಲ್ಲಿ ಒಬ್ಬರು ಇರಬೇಕು.

ಎಣಿಕೆಯ ಪದಗಳಂತೂ ನನಗೆ ಹುಚ್ಚು ಹಿಡಿಸಿವೆ. ಯೂಪಿಕ್‌ನಲ್ಲಿ ಆರು ಎಂಬ ಪದಕ್ಕೆ 'ದಾಟುವುದು' ಎಂಬ ಮೂಲ ಇದೆ, ಒಂದು ಕೈಯಿಂದ ಇನ್ನೊಂದು ಕೈಗೆ. ಇಪ್ಪತ್ತು ಅಂದರೆ ಒಬ್ಬ ಇಡೀ ಮನುಷ್ಯ. ನೈಜೀರಿಯಾದ ಯೊರುಬಾದಲ್ಲಿ 45 ಅಂದರೆ ಮೂರು ಇಪ್ಪತ್ತರಲ್ಲಿ ಹತ್ತು ಕಳೆದು, ಮತ್ತೆ ಐದು ಕಳೆದದ್ದು. ನಗಬೇಡಿ, ನಮ್ಮ 'ಒಂಬತ್ತು' ಕೂಡ ಒಂದು ಕಮ್ಮಿ ಹತ್ತು ಅಂತಲೇ ಹುಟ್ಟಿದ್ದು ಅನ್ನುತ್ತಾರೆ ಭಾಷೆ ಬಲ್ಲವರು. ಪಾಪುವಾ ನ್ಯೂಗಿನಿಯ ಓಕ್ಸಾಪ್ಮಿನ್ ಜನ ಹೆಬ್ಬೆರಳಿನಿಂದ ಶುರು ಮಾಡಿ ಕೈ, ಭುಜ, ಕಿವಿ, ಕಣ್ಣು ದಾಟಿ ಮೂಗಿಗೆ 14 ಅಂದು, ಇನ್ನೊಂದು ಕಡೆ ಇಳಿದು ಕಿರುಬೆರಳಿಗೆ 27 ಮುಗಿಸುತ್ತಾರೆ. ಮಣಿಕಟ್ಟಿನಿಂದ ಕಣ್ಣಿನವರೆಗೆ ಎದುರುಬದುರು ಇರುವ ಎರಡು ಜಾಗಗಳನ್ನು ಕೂಡಿಸಿ ನೋಡಿ, ಯಾವಾಗಲೂ 28. ಒಂದನೇ ತರಗತಿಯ ಟೀಚರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಎಲ್ಲಿ ಸಿಗುತ್ತದೆ?

ಅಲಾಸ್ಕಾದ ಕಾಕ್ಟೋವಿಕ್ ಎಂಬ ಪುಟ್ಟ ಊರಿನಲ್ಲಿ 1994ರಲ್ಲಿ ನಡೆದದ್ದು ಗೊತ್ತಾ? ಇನ್ಯೂಪಿಯಾಕ್ ಭಾಷೆಯಲ್ಲಿ ಎಣಿಕೆ ಇಪ್ಪತ್ತರ ಗುಂಪಿನಲ್ಲಿ. ನಮ್ಮ ಹತ್ತು ಅಂಕಿಗಳಲ್ಲಿ ಅದನ್ನು ಬರೆಯುವುದು ಗೋಜಲು ಅಂತ ಒಂಬತ್ತು ಮಕ್ಕಳಿಗೆ ಅನ್ನಿಸಿತು. ತಾವೇ ಹೊಸ ಅಂಕಿಗಳನ್ನು ಮಾಡಿದರು. ಒಂದರಿಂದ ನಾಲ್ಕಕ್ಕೆ ಕೆಳಗೆ ಅಂಕುಡೊಂಕು ಗೀಟು, ಐದೈದಕ್ಕೆ ಮೇಲೆ ಅಡ್ಡ ಗೀಟು. ಕೂಡುವುದು ಕಣ್ಣಿಗೇ ಕಾಣುತ್ತದೆ. 2022ರಲ್ಲಿ ಆ ಅಂಕಿಗಳು ಯೂನಿಕೋಡ್‌ಗೂ ಸೇರಿದವು. ಇಲ್ಲಿ ನನ್ನ ಕಣ್ಣು ಹೋಗುವುದು ಮೇಷ್ಟ್ರ ಕಡೆಗೆ. "ಸುಮ್ನಿರಿ, ಪಾಠ ಮುಗಿಸಬೇಕು" ಅನ್ನಬಹುದಿತ್ತು. ಅನ್ನಲಿಲ್ಲ. ಆ ಅನ್ನದಿರುವ ಧೈರ್ಯ ಯಾವ ಮಾಡ್ಯೂಲಿನ ಎಷ್ಟನೇ ಪುಟದಲ್ಲಿ ಬರುತ್ತದೆ?

ಇದಕ್ಕೆಲ್ಲ ಒಂದು ಗಟ್ಟಿ ಆಕ್ಷೇಪ ಇದೆ. ಅದನ್ನು ಹೆಚ್ಚಾಗಿ ಎತ್ತುವವರು ಆ ಸಮುದಾಯದ ಅಪ್ಪ ಅಮ್ಮಂದಿರೇ. "ಬುಟ್ಟಿ ಹೆಣೆಯುವುದನ್ನು ನಾವೇ ಕಲಿಸುತ್ತೇವೆ. ನೀವು ಬೀಜಗಣಿತ ಕಲಿಸಿ." ಈ ಮಾತಿಗೆ ನಾನು ತಲೆಬಾಗುತ್ತೇನೆ. ಉಳ್ಳವರ ಮಕ್ಕಳಿಗೆ ಸಮೀಕರಣ, ಇಲ್ಲದವರ ಮಕ್ಕಳಿಗೆ ಸಂಸ್ಕೃತಿ ಅಂತ ಹಂಚಿದರೆ ಅದು ಹಳೆಯ ಮೋಸಕ್ಕೆ ಹೊಸ ಬಣ್ಣ. ಆಸ್ಟ್ರೇಲಿಯಾದ ಯೊಲ್ಂಗು ಜನರಲ್ಲಿ ಇದಕ್ಕೆ ಒಂದು ಚಿತ್ರ ಇದೆ. ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸೇರುವ ಜಾಗ, ಅದನ್ನು ಗನ್ಮಾ ಅನ್ನುತ್ತಾರೆ. ಯಿರ್ಕಲಾದ ಶಾಲೆಯಲ್ಲಿ ಎರಡೂ ಕಡೆಯ ಕಲಿಕೆ ಹೀಗೆ ಸೇರಬೇಕು ಅಂತ ಅವರೇ ಪಠ್ಯ ರೂಪಿಸಿದರು. ಗಣಿತದಲ್ಲಿ ಸಂಖ್ಯೆಯ ಮರಳಿ ಮರಳಿ ಬರುವ ಕ್ರಮದ ಪಕ್ಕಕ್ಕೆ ತಮ್ಮ ನೆಂಟಸ್ತಿಕೆಯ ಮರಳಿ ಮರಳಿ ಬರುವ ಕ್ರಮವನ್ನು ಇಟ್ಟರು. ಒಂದು ಇನ್ನೊಂದಕ್ಕೆ ಮೆಟ್ಟಿಲಲ್ಲ, ಎರಡೂ ನೀರು.

ಶಿಕ್ಷಕರಿಗೆ ಇದು ಕಷ್ಟದ ಕೆಲಸ. ಯಾಕೆಂದರೆ ಗಣಿತ ಚೆನ್ನಾಗಿ ಗೊತ್ತಿರಬೇಕು, ಪಠ್ಯಪುಸ್ತಕಕ್ಕೆ ಬೇಕಾದ್ದಕ್ಕಿಂತ ಜಾಸ್ತಿ. ಬುಟ್ಟಿಯಲ್ಲಿ ಶೇಷ ಕಾಣಬೇಕಾದರೆ ಶೇಷ ಮೈಗೆ ಹತ್ತಿರಬೇಕು. ಹಾಗಾಗಿ 'ಬುಡಕಟ್ಟು ಶಾಲೆಯ ಟೀಚರಿಗೆ ಸರಳ ತರಬೇತಿ ಸಾಕು' ಎಂಬ ಮಾತು ಕೇಳಿದರೆ ನನಗೀಗ ಸಿಟ್ಟು ಬರುತ್ತದೆ. ಹೊರಗಿನಿಂದ ಬಂದ ಶಿಕ್ಷಕರಿಗೆ ಇನ್ನೊಂದು ಪಾಠವೂ ಇದೆ: ಕೇಳದೆ ತೆಗೆದುಕೊಳ್ಳಬಾರದು. ಕೆಲವು ಚಿತ್ರ, ಕೆಲವು ಲೆಕ್ಕ ಎಲ್ಲರೆದುರು ಬಿಚ್ಚುವಂಥದ್ದಲ್ಲ. ಯಾವುದು ಶಾಲೆಗೆ ಬರಬಹುದು ಅಂತ ಹೇಳುವವರು ಆ ಜನರೇ.

ಈಗಲೂ ನಾನು ತರಬೇತಿ ಕೊಡುತ್ತೇನೆ. ಎರಡು ದಿನದ್ದೇ, ಅದು ನನ್ನ ಕೈಲಿಲ್ಲ. ಮೊದಲ ದಿನ ಬೆಳಿಗ್ಗೆ ಸ್ಲೈಡು ಹಾಕುವುದಿಲ್ಲ ಅಷ್ಟೇ. "ನಿಮ್ಮ ಮನೆಯಲ್ಲಿ ಯಾರಾದರೂ ಹೀಗೇ ಇರಬೇಕು, ಹಾಗಿದ್ದರೆ ಆಗಲ್ಲ ಅಂತ ಹೇಳಿಕೊಟ್ಟ ಒಂದು ಕೆಲಸ ಹೇಳಿ" ಅಂತ ಕೇಳುತ್ತೇನೆ. ಮೊದಲ ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ. ಆ ಮೌನವನ್ನು ತುಂಬದೆ ಕೂರುವುದನ್ನು ಕಲಿಯಲು ನನಗೇ ಎರಡು ವರ್ಷ ಹಿಡಿಯಿತು.

ಕಳೆದ ತಿಂಗಳು ಆ ಟೀಚರ್ ಫೋನ್ ಮಾಡಿದ್ದರು. ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದಳಂತೆ, ಮೂರರ ಮೇಲೆ ಎರಡರ ಕೆಳಗೆ ಹೋದರೆ ಏನಾಗುತ್ತೆ ಅಂತ. "ನಾನು ಮಾಡಿ ನೋಡಿಲ್ಲ ಸರ್, ನೀವು ಮಾಡಿದ್ದೀರಾ?" ನಾನೂ ಮಾಡಿರಲಿಲ್ಲ. ರಾತ್ರಿ ಹಳೆ ಕ್ಯಾಲೆಂಡರ್ ಕತ್ತರಿಸಿ ಪಟ್ಟಿ ಮಾಡಿಕೊಂಡು ಕೂತೆ. ಈಗ ಐದರ ಶೇಷ. ಹನ್ನೊಂದು ಕಡ್ಡಿಗೆ ಓರೆ ಗೆರೆ ಅಂದವಾಗಿ ಬಂತು. ಹನ್ನೆರಡಕ್ಕೆ ಬರಲಿಲ್ಲ. ಗೆರೆ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಸರಿಯುತ್ತಾ, ಮೆಟ್ಟಿಲು ತಪ್ಪಿದ ಹಾಗೆ ಒಡೆದು ಒಡೆದು ಹೋಯಿತು. ನನ್ನ ಕೈತಪ್ಪು ಅಂತ ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಹಾಗೇ ಬಂತು. ಫೋಟೋ ತೆಗೆದು ಕಳಿಸಿದೆ.

ಬೆಳಿಗ್ಗೆ ಉತ್ತರ ಬಂದಿತ್ತು. "ಅಮ್ಮನಿಗೆ ತೋರಿಸಿದೆ. ಹನ್ನೆರಡು ಯಾಕೆ ಇಟ್ಟರು ಅಂತ ಕೇಳ್ತಿದ್ದಾರೆ."